ನಮ್ಮ ಮಾತೇ ನಿಮಗೆ ಕಾಮಿಡಿ ಆಯಿತೇ?

ನಮ್ಮೂರು ಗೂಗಲ್. ದೇವದುರ್ಗ ತಾಲ್ಲೂಕು, ಕೃಷ್ಣಾ ನದಿಯ ದಂಡೆ. ಊರ ಹೆಸರು ಕೇಳಿದ ಕೂಡಲೇ ಹೊರಗಿನವರು ನಗುತ್ತಾರೆ, ನಾವೂ ನಗುತ್ತೇವೆ. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ನಾವು ಬಾಯಿ ತೆರೆದು ಎರಡು ಮಾತಾಡಿದರೂ ನಗುವವರಿದ್ದಾರಲ್ಲ, ಅವರಿಗೆ ಆ ಚಟ ಹತ್ತಿಸಿದ್ದು ಕನ್ನಡ ಸಿನಿಮಾ. ಇವತ್ತಿನ ಜಗಳ ಅದರ ಜೊತೆ.

ಸಿನಿಮಾದಲ್ಲಿ ರಾಯಚೂರು, ಕಲಬುರಗಿ, ಬೀದರ್ ಕಡೆಯ ಮಾತು ಯಾರ ಬಾಯಲ್ಲಿ ಬರುತ್ತದೆ, ನೀವೇ ನೆನಪು ಮಾಡಿಕೊಳ್ಳಿ. ಹೆಚ್ಚಾಗಿ ಕುಡುಕ, ಭಿಕ್ಷುಕ, ವಾಚ್‌ಮನ್. ‘ಯಾಕ್ರಿ ಸಾಹೇಬ್ರ, ಹಿಂಗ್ಯಾಕ ಮಾಡಾಕತ್ತೀರಿ’ ಅಂದರೆ ಸಾಕು, ಥಿಯೇಟರ್ ನಗಬೇಕು. ಅಲ್ಲಿ ಬೇರೆ ಜೋಕಿಲ್ಲ, ಮಾತೇ ಜೋಕು.

ಹಾಗಾದರೆ ಹಳ್ಳಿಯನ್ನು ಇಟ್ಟುಕೊಂಡು ನಗಿಸುವುದೇ ತಪ್ಪಾ? ಅಲ್ಲ. ಪೂರ್ಣಚಂದ್ರ ತೇಜಸ್ವಿ ಅವರ ‘ಕಿರಗೂರಿನ ಗಯ್ಯಾಳಿಗಳು’ ಕಿರುಕಾದಂಬರಿಯನ್ನು ಸುಮನಾ ಕಿತ್ತೂರು 2016ರಲ್ಲಿ ತೆರೆಗೆ ತಂದರು. ಅಲ್ಲಿ ಗಂಡಸರ ಕುಡಿತ, ಕಿತ್ತಾಟ ನೋಡಿ ಬೇಸತ್ತ ಹೆಂಗಸರು ತಿರುಗಿ ಬೀಳುತ್ತಾರೆ. ಅವರದೇ ಕಥೆ ಆಧರಿಸಿದ ‘ಡೇರ್‌ಡೆವಿಲ್ ಮುಸ್ತಾಫಾ’ 2023ರಲ್ಲಿ ಬಂತು. ಅದಕ್ಕೆ ದುಡ್ಡು ಹಾಕಿದವರು ತೇಜಸ್ವಿಯ ಓದುಗರು. ಒಬ್ಬ ಮುಸ್ಲಿಂ ಹುಡುಗ ಕ್ಲಾಸಿಗೆ ಬಂದು ಸೇರಿದ್ದೇ ಉಳಿದ ಹುಡುಗರಿಗೆ ತಲೆಬಿಸಿ. ಎರಡೂ ನಗಿಸುತ್ತವೆ. ನಗು ಬರುವುದು ಜನರ ಸಣ್ಣತನಕ್ಕೆ, ಅವರು ಆಡುವ ಮಾತಿನ ಧಾಟಿಗೆ ಅಲ್ಲ.

ಇಂಥ ಪುಸ್ತಕವನ್ನು ಸಿನಿಮಾ ಮಾಡುವುದು ಸುಲಭ ಅಲ್ಲ, ಒಪ್ಪುತ್ತೇವೆ. ಪುಸ್ತಕದಲ್ಲಿ ನಗು ಇರುವುದು ಹೇಳುವವನ ದನಿಯಲ್ಲಿ. ಅವನು ತಾನು ನಗದೆ ಊರಿನ ಹುಚ್ಚಾಟವನ್ನು ನಮ್ಮ ಮುಂದೆ ಇಡುತ್ತಾನೆ. ತೆರೆಯ ಮೇಲೆ ಆ ದನಿ ಸಿಗುವುದು ಕಷ್ಟ. ಆ ಜಾಗ ತುಂಬಲು ಎರಡು ದಾರಿ. ಒಂದು, ಆ ಊರಿನವರ ಹಟ, ಆಸೆ, ಸಂಕಟ ಪೂರ್ತಿ ತೋರಿಸಿ, ನಗು ತಾನಾಗಿ ಬರಲು ಬಿಡುವುದು. ಇನ್ನೊಂದು, ಕಾಮಿಡಿ ನಟನೊಬ್ಬನನ್ನು ಕರೆದು ‘ಹಳ್ಳಿ ಭಾಷೆ’ ಆಡಿಸುವುದು. ಎರಡನೆಯದು ಅಗ್ಗದ ದಾರಿ, ಅದರ ಬೆಲೆ ತೆರುವವರು ನಾವು.

ಮೊದಲ ದಾರಿ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. ರಾಯಚೂರು ಜಿಲ್ಲೆಯ ಕಥೆಗಾರ ಅಮರೇಶ ನುಗಡೋಣಿ ಅವರ ‘ಸವಾರಿ’ ಕಥೆಯಿಂದ ಗಿರೀಶ ಕಾಸರವಳ್ಳಿ ‘ಕನಸೆಂಬೋ ಕುದುರೆಯನೇರಿ’ ಸಿನಿಮಾ ಮಾಡಿದರು. ಕಥೆಯೇ ವಿಚಿತ್ರ. ಹೆಣ ಹೂಳಲು ಕುಣಿ ತೋಡುವ ಈರ್ಯಾನ ಕನಸಿನಲ್ಲಿ ಸಿದ್ಧ ಬಂದರೆ ಊರಲ್ಲಿ ಯಾರೋ ಸತ್ತರು ಅಂತಲೇ ಲೆಕ್ಕ. ಒಂದು ಸಲ ಕನಸು ಬೀಳುತ್ತದೆ, ಸಾವಿನ ಸುದ್ದಿ ಬರುವುದಿಲ್ಲ. ಯಾಕೆಂದರೆ ಗೌಡರ ಸಾವನ್ನೇ ಮುಚ್ಚಿಟ್ಟಿರುತ್ತಾರೆ. ಅಗ್ಗದ ಕಾಮಿಡಿಯವರ ಕೈಗೆ ಸಿಕ್ಕಿದ್ದರೆ ಈರ್ಯಾ ಊರ ಹುಚ್ಚನಾಗುತ್ತಿದ್ದ. ಈ ಸಿನಿಮಾದಲ್ಲಿ ಅವನು ತನ್ನ ನಂಬಿಕೆ ಸುಳ್ಳಾಯಿತೇ ಎಂದು ಒದ್ದಾಡುವ ಮನುಷ್ಯ.

ಆ ಪಾತ್ರ ಮಾಡಿದವರು ಬೀದರ್ ಜಿಲ್ಲೆಯ ವೈಜನಾಥ ಬಿರಾದಾರ. ಅವರಿಗೆ ನೂರಾರು ಸಿನಿಮಾಗಳಲ್ಲಿ ಭಿಕ್ಷುಕ, ಕುಡುಕನಂಥ ಸಣ್ಣ ಪಾತ್ರಗಳನ್ನೇ ಕೊಡುತ್ತ ಬಂದದ್ದು ಇದೇ ಚಿತ್ರರಂಗ. ಪೂರ್ತಿ ಮನುಷ್ಯನೊಬ್ಬನ ಪಾತ್ರ ಸಿಕ್ಕಾಗ ಸ್ಪೇನ್ ದೇಶದ ಮ್ಯಾಡ್ರಿಡ್‌ನ ಚಿತ್ರೋತ್ಸವದಲ್ಲಿ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಸಿನಿಮಾಕ್ಕೂ ರಾಷ್ಟ್ರಪ್ರಶಸ್ತಿ ಬಂತು. ನಟ ಅವರೇ, ಮುಖ ಅದೇ. ಬದಲಾದದ್ದು ಅವರನ್ನು ನೋಡಿದ ಕಣ್ಣು.

‘ನಿಮ್ಮ ಮಾತು ಬೆಂಗಳೂರು, ಮೈಸೂರು ಕಡೆಯವರಿಗೆ ತಿಳಿಯುವುದಿಲ್ಲ’ ಎನ್ನುವುದು ಹಳೇ ಸಬೂಬು. 2016ರಲ್ಲಿ ಬಿಡುಗಡೆಯಾದ ‘ತಿಥಿ’ಯಲ್ಲಿ ಮಂಡ್ಯ ಕಡೆಯ ಹಳ್ಳಿಯವರು ಅವರ ಮಾತಿನಲ್ಲೇ ನಟಿಸಿದರು. 2017ರ ‘ಒಂದು ಮೊಟ್ಟೆಯ ಕಥೆ’ಯಲ್ಲಿ ಮಂಗಳೂರು ಕನ್ನಡ. 2022ರ ‘ಕಾಂತಾರ’ದಲ್ಲಿ ಕರಾವಳಿಯ ಮಾತು. ನಾವು ಕೂತು ನೋಡಲಿಲ್ಲವೇ? ತಿಳಿಯದ ಮಾತನ್ನು ಪಕ್ಕದವರಿಗೆ ಕೇಳಿ ತಿಳಿದುಕೊಳ್ಳಲಿಲ್ಲವೇ? ಟಿಕೆಟ್‌ಗೆ ದುಡ್ಡು ಕೊಡಲಿಲ್ಲವೇ? ನಮ್ಮ ಕಿವಿಗಿರುವ ತಾಳ್ಮೆ ಅವರ ಕಿವಿಗೂ ಇರಲಿ.

ಸಿನಿಮಾ ಮಾಡುವವರಿಗೆ ನಮ್ಮ ಮಾತು ಇಷ್ಟೇ. ನಮ್ಮನ್ನು ಗೇಲಿ ಮಾಡಿ, ಬೇಡ ಅನ್ನುವುದಿಲ್ಲ. ನಮ್ಮ ಗೌಡರು, ನಮ್ಮ ಪಂಚಾಯ್ತಿ ಮೆಂಬರು, ನಮ್ಮ ಹುಡುಗರ ಹುಂಬತನ, ಎಲ್ಲ ಎಳೆದು ಹಾಕಿ. ಆದರೆ ನಮ್ಮ ಕಡೆಯ ಪುಸ್ತಕ ಓದಿ ಬನ್ನಿ. ಸಂಭಾಷಣೆ ಬರೆಯುವಾಗ ಇಲ್ಲಿಯವರೊಬ್ಬರನ್ನು ಪಕ್ಕದಲ್ಲಿ ಕೂಡಿಸಿಕೊಳ್ಳಿ. ನಟರಿಗಂತೂ ಬರ ಇಲ್ಲ, ಜಾತ್ರೆ ಬಂದರೆ ಊರೂರಲ್ಲಿ ನಾಟಕ ಆಡುವ ಜನ ನಾವು.

ಓದುಗರಿಗೂ ಒಂದು ಮಾತು. ನಮ್ಮ ಮಾತನ್ನು ಹಂಗಿಸುವ ರೀಲ್ಸ್ ಬಂದರೆ ಗ್ರೂಪಿಗೆ ಫಾರ್ವರ್ಡ್ ಮಾಡಬೇಡಿ. ತೇಜಸ್ವಿಯ ಓದುಗರು ದುಡ್ಡು ಕೂಡಿಸಿ ಒಂದು ಸಿನಿಮಾನೇ ಎಬ್ಬಿಸಿದರು. ನಾವು ಅಷ್ಟು ದೂರ ಹೋಗುವ ಮೊದಲು ನುಗಡೋಣಿಯವರ ಒಂದು ಪುಸ್ತಕ ತಂದು ಓದೋಣ. ನಮ್ಮ ಕಥೆ ನಮಗೇ ಗೊತ್ತಿಲ್ಲದಿದ್ದರೆ, ಸಿನಿಮಾದವರು ಅದನ್ನು ಕೆಡಿಸಿದಾಗ ಕೇಳುವವರು ಯಾರು?