ಗುರಿ ತಪ್ಪಿದ ಚೆಂಡು, ಗೂಬೆ ಯಾರ ತಲೆಗೆ?

ಒಂದು ಎಸೆತ ಕೆಟ್ಟರೆ ಅದು ಆಟಗಾರನ ಲೆಕ್ಕ. ಕೆಡುವುದೇ ರೂಢಿಯಾದರೆ ಕೋಚ್ ಲೆಕ್ಕ

2020ರ ಫೆಬ್ರುವರಿ 2ರ ರಾತ್ರಿ, ಮಯಾಮಿ. ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಆದ ಸೂಪರ್ ಬೌಲ್ ಪಂದ್ಯ ಮುಗಿಯಲು ಒಂದು ನಿಮಿಷ 40 ಸೆಕೆಂಡು ಉಳಿದಿತ್ತು. ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ 20–24ರಿಂದ ಹಿಂದಿತ್ತು. ತಂಡದ ಪರ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಜಿಮ್ಮಿ ಗರಾಪಲೊ ಹಿಂದಕ್ಕೆ ಸರಿದು ಚೆಂಡನ್ನು ದೂರಕ್ಕೆ ಬೀಸಿದರು. ಅತ್ತ ಎಮಾನ್ಯುಯೆಲ್ ಸ್ಯಾಂಡರ್ಸ್ ಎದುರಾಳಿ ಕಾವಲನ್ನು ಹಿಂದೆ ಹಾಕಿ ಓಡುತ್ತಿದ್ದರು. ಚೆಂಡು ಕೈಗೆ ಬಂದಿದ್ದರೆ ಟಚ್‌ಡೌನ್, ಬಹುಶಃ ಪ್ರಶಸ್ತಿ ಕೂಡ. ಆದರೆ ಅದು ಚಾಚಿದ ಕೈಗಳಿಗೂ ಎಟುಕದಷ್ಟು ಮುಂದೆ ಹೋಗಿ ಬಿತ್ತು. ಮುಂದಿನ ಯತ್ನದಲ್ಲಿ ಎದುರಾಳಿಗಳು ಗರಾಪಲೊ ಅವರನ್ನೇ ನೆಲಕ್ಕೆ ಕೆಡವಿದರು. ಕಾನ್ಸಾಸ್ ಸಿಟಿ ಚೀಫ್ಸ್ 31–20ರಿಂದ ಗೆದ್ದಿತು.

ಫಾರ್ಟಿನೈನರ್ಸ್ ತಂಡದ ತವರು ಮೈದಾನ ಇರುವುದು ಸಾಂತಾ ಕ್ಲಾರಾದಲ್ಲಿ. ಕೆಲಸಕ್ಕೆಂದು ಹೋಗಿ ಸಿಲಿಕಾನ್ ಕಣಿವೆಯಲ್ಲಿ ನೆಲೆಸಿದ ಕನ್ನಡಿಗರಿಗೆ ಇದೇ ಊರ ತಂಡ. ಕ್ರಿಕೆಟ್ ನೋಡಿ ಬೆಳೆದವರಿಗೂ ಈ ಆಟದ ಹಳೆಯ ಜಗಳ ಅರ್ಥವಾಗಲು ಹೆಚ್ಚು ಹೊತ್ತು ಬೇಕಿಲ್ಲ: ದೂರದ ಎಸೆತ ವಿಫಲವಾದರೆ ತಪ್ಪು ಎಸೆಯಲು ಹೇಳಿದ ಕೋಚ್‌ದೋ, ಎಸೆದ ಕ್ವಾರ್ಟರ್‌ಬ್ಯಾಕ್‌ದೋ?

ಕ್ರಿಕೆಟ್‌ನಲ್ಲಿ ಬ್ಯಾಟರ್ ಸಿಕ್ಸರ್ ಹೊಡೆಯಲು ಹೋಗಿ ಲಾಂಗ್ ಆನ್‌ನಲ್ಲಿ ಕ್ಯಾಚ್ ಕೊಟ್ಟರೆ ಬೈಗುಳ ಸೀದಾ ಅವನಿಗೇ. ಹೊಡೆತದ ಆಯ್ಕೆಯೂ ಅವನದು, ಕೈಯೂ ಅವನದು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಇವೆರಡೂ ಬೇರೆ ಬೇರೆ ಜನರ ಪಾಲು. ಯಾರು ಎಲ್ಲಿಗೆ ಓಡಬೇಕು, ಯಾರು ಯಾರನ್ನು ತಡೆಯಬೇಕು ಎಂಬುದೆಲ್ಲ ಮೊದಲೇ ಬರೆದಿಟ್ಟ ಯೋಜನೆ. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ 1994ರಿಂದ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ ಒಳಗೆ ಪುಟ್ಟ ಸ್ಪೀಕರ್ ಇರುತ್ತದೆ. ಯಾವ ಯೋಜನೆ ಆಡಬೇಕು ಎಂದು ಕೋಚ್ ಅಂಚಿನಿಂದ ಅವನ ಕಿವಿಗೆ ಹೇಳುತ್ತಾರೆ. ಚೆಂಡನ್ನು ಆಟಕ್ಕೆ ತರಲು ಸಾಮಾನ್ಯವಾಗಿ ಸಿಗುವ 40 ಸೆಕೆಂಡುಗಳಲ್ಲಿ ಕೊನೆಯ 15 ಉಳಿದಾಗ ಆ ಸಂಪರ್ಕ ಕಡಿಯುತ್ತದೆ. ಅಲ್ಲಿಂದ ಮುಂದೆ ಎದುರಾಳಿಯ ನಿಲುವು ನೋಡಿ ಯೋಜನೆ ಬದಲಿಸುವುದು, ಎಸೆಯುವುದು, ಬಿಡುವುದು ಎಲ್ಲವೂ ಕ್ವಾರ್ಟರ್‌ಬ್ಯಾಕ್ ಕೈಯಲ್ಲಿ. ಹೊಣೆ ಹಂಚಲು ಇಷ್ಟು ಸ್ಪಷ್ಟವಾದ ಗೆರೆ ಬೇರೆ ಆಟಗಳಲ್ಲಿ ಸಿಗುವುದು ಕಷ್ಟ. ಆದರೂ ಜಗಳ ನಿಂತಿಲ್ಲ.

ಕಾರಣ, ನಾವು ಫಲಿತಾಂಶ ನೋಡಿ ತೀರ್ಪು ಕೊಡುತ್ತೇವೆ. ಸಾಮಾನ್ಯವಾಗಿ 20 ಗಜಕ್ಕಿಂತ ದೂರ ಹೋಗುವ ಎಸೆತಕ್ಕೆ ‘ಡೀಪ್ ಪಾಸ್’ ಎನ್ನುತ್ತಾರೆ. ಎನ್‌ಎಫ್‌ಎಲ್‌ನಲ್ಲಿ ಒಟ್ಟಾರೆ ಮೂರು ಎಸೆತಗಳಲ್ಲಿ ಸುಮಾರು ಎರಡು ಕೈಸೇರುತ್ತವೆ. ದೂರದ ಎಸೆತಗಳಲ್ಲಿ ಕೈಸೇರುವುದು ಅರ್ಧಕ್ಕಿಂತ ಕಡಿಮೆ. ಈ ಎಸೆತಕ್ಕೆ ಸೋಲೇ ಮಾಮೂಲು. ಹಾಗಿದ್ದೂ ಕೋಚ್‌ಗಳು ಇದನ್ನು ಬಿಡದಿರುವುದಕ್ಕೆ ಕಾರಣವಿದೆ. ದೂರಕ್ಕೆ ಎಸೆಯುವುದೇ ಇಲ್ಲ ಎಂದು ಗೊತ್ತಾದರೆ ಎದುರಾಳಿಗಳು ಎಲ್ಲರೂ ಮುಂದೆ ಬಂದು ಗುಂಪುಗೂಡುತ್ತಾರೆ. ಆಗ ಹತ್ತಿರದ ಪಾಸ್‌ಗೂ ಜಾಗವಿಲ್ಲ, ಚೆಂಡು ಹಿಡಿದು ಓಡುವವನಿಗೂ ದಾರಿಯಿಲ್ಲ. ನೆಲಕ್ಕೆ ಬಿದ್ದ ದೂರದ ಎಸೆತವೂ ಎದುರಾಳಿಯ ಇಬ್ಬರನ್ನು ಹಿಂದಕ್ಕೆ ತಳ್ಳಿರುತ್ತದೆ. ಆ ಲಾಭ ಸ್ಕೋರ್ ಪಟ್ಟಿಯಲ್ಲಿ ಕಾಣುವುದಿಲ್ಲ.

ಹಾಗಾಗಿ ಪ್ರತಿ ವಿಫಲ ಎಸೆತಕ್ಕೂ ಒಬ್ಬ ಅಪರಾಧಿಯನ್ನು ಹುಡುಕುವುದೇ ಮೊದಲ ತಪ್ಪು. ಹುಡುಕಲೇಬೇಕಾದರೆ ಎರಡು ಪ್ರಶ್ನೆ ಕೇಳಬೇಕು. ಚೆಂಡು ಹಿಡಿಯಬೇಕಾದವನು ಒಂಟಿಯಾಗಿ ಸಿಕ್ಕನೇ? ಎಸೆಯಲು ಬೇಕಾದಷ್ಟು ಸಮಯ ಸಿಕ್ಕಿತೇ? ಎರಡಕ್ಕೂ ಹೌದು ಎಂದಾದರೆ ಕೋಚ್ ತಮ್ಮ ಕೆಲಸ ಮಾಡಿದ್ದಾರೆ; ಉಳಿದಿದ್ದು ಕೈಯ ಕೆಲಸ. ಮಯಾಮಿಯಲ್ಲಿ ಸ್ಯಾಂಡರ್ಸ್ ಕಾವಲು ದಾಟಿ ಹೋಗಿದ್ದರು, ಚೆಂಡು ಕೈಯಿಂದ ಹೊರಟಿತ್ತು. ಆ ಒಂದು ಎಸೆತದ ತಪ್ಪು ಗರಾಪಲೊ ಅವರದೇ. ಇದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಎರಡು ವಾರ ಹಿಂದಷ್ಟೇ, ಜನವರಿ 19ರಂದು, ಇದೇ ತಂಡ ಗ್ರೀನ್ ಬೇ ಪ್ಯಾಕರ್ಸ್ ವಿರುದ್ಧ 37–20ರಿಂದ ಗೆದ್ದು ಫೈನಲ್ ತಲುಪಿತ್ತು. ಆ ಪಂದ್ಯದಲ್ಲಿ ಗರಾಪಲೊ ಎಸೆದದ್ದು ಬರೀ 8 ಬಾರಿ. ರಹೀಮ್ ಮಾಸ್ಟರ್ಟ್ ಒಬ್ಬರೇ ಚೆಂಡು ಹಿಡಿದು 220 ಗಜ ಓಡಿದ್ದರಿಂದ ಎಸೆಯುವ ಅಗತ್ಯವೇ ಬೀಳಲಿಲ್ಲ. ಕೋಚ್ ಕೈಲ್ ಶಾನಹಾನ್ ಅವರ ಆ ತಂತ್ರವನ್ನು ಎಲ್ಲರೂ ಹೊಗಳಿದರು. ನಾನೂ ಹೊಗಳುತ್ತೇನೆ. ಆದರೆ ಸೆಮಿಫೈನಲ್‌ನಂಥ ಪಂದ್ಯದಲ್ಲಿ 8 ಎಸೆತಕ್ಕೆ ಸುಮ್ಮನಿರಿಸಿದ ಕೈಯಿಂದ, ಫೈನಲ್‌ನ ಕೊನೆಯ ಎರಡು ನಿಮಿಷದಲ್ಲಿ ಋತುವಿನ ಅತಿ ಕಷ್ಟದ ಎಸೆತವನ್ನು ಬೇಡುವುದು ಎಂಥ ಲೆಕ್ಕಾಚಾರ? ಬಾವಿ ತೋಡುವ ಕೆಲಸವನ್ನು ಬಾಯಾರಿದಾಗ ಶುರುಮಾಡಿದ ಹಾಗಾಯಿತು. ಚೆಂಡು ತಪ್ಪಿದ್ದು ಕ್ವಾರ್ಟರ್‌ಬ್ಯಾಕ್ ಕೈಯಲ್ಲಿ. ಆ ಕೈಯನ್ನು ಪಳಗಿಸಬೇಕಿದ್ದುದು ಕೋಚ್.

ಅದೇ ರಾತ್ರಿ, ಅದೇ ಮೈದಾನದಲ್ಲಿ ಇದಕ್ಕೆ ತದ್ವಿರುದ್ಧ ದೃಶ್ಯವೂ ನಡೆಯಿತು. ಚೀಫ್ಸ್ 10–20ರಿಂದ ಹಿಂದಿದ್ದಾಗ, ಏಳು ನಿಮಿಷ ಚಿಲ್ಲರೆ ಉಳಿದಿತ್ತು. ಮೂರನೇ ಯತ್ನ, ಚೆಂಡು ತಮ್ಮಲ್ಲೇ ಉಳಿಸಿಕೊಳ್ಳಲು ಬೇಕಿದ್ದುದು 15 ಗಜ. ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಅವರ ಎರಡು ಎಸೆತಗಳನ್ನು ಎದುರಾಳಿಗಳು ಆಗಲೇ ಕಸಿದುಕೊಂಡಿದ್ದರು. ಬೇರೆ ಯಾರಾದರೂ ಮೈ ಹಿಡಿದು ಆಡುತ್ತಿದ್ದರು. ಮಹೋಮ್ಸ್ ಮಾತ್ರ ದಾಳಿಯ ಕೋಚ್ ಎರಿಕ್ ಬಿಯೆನಿಮಿ ಅವರ ಬಳಿ ‘ವಾಸ್ಪ್’ ಎಂಬ ದೂರದ ಎಸೆತದ ಯೋಜನೆ ಆಡಲು ಸಮಯವಿದೆಯೇ ಎಂದು ತಾವೇ ವಿಚಾರಿಸಿದರು. ಕೋಚ್ ಆ್ಯಂಡಿ ರೀಡ್ ಬಳಗ ಒಪ್ಪಿತು. ಮಹೋಮ್ಸ್ ಬಹುದೂರ ಹಿಂದೆ ಸರಿದು ಎಸೆದರು, ಟೈರೀಕ್ ಹಿಲ್ ಹಿಡಿದರು, 44 ಗಜ ಸಿಕ್ಕಿತು. ಪಂದ್ಯ ಅಲ್ಲಿಂದ ತಿರುಗಿತು. ಮಹೋಮ್ಸ್ ತೋಳಿನ ಬಲ ದೊಡ್ಡದೇ. ಆದರೆ ಎರಡು ಬಾರಿ ಎಡವಿದ ಆಟಗಾರ ಮೂರನೆಯ ಸಲ ಅತಿ ದೊಡ್ಡ ಅಪಾಯವನ್ನು ತಾನಾಗಿ ಕೇಳಿ ಪಡೆಯುವ ಧೈರ್ಯ ಬರೀ ತೋಳಿನಿಂದ ಬರುವುದಿಲ್ಲ. ತಪ್ಪಿದರೆ ತಲೆದಂಡವಿಲ್ಲ ಎಂಬ ಭರವಸೆ ಬೇಕು. ಅದನ್ನು ಕೊಡುವುದು ಕೋಚ್.

ಇನ್ನು ಕೋಚ್ ಒಬ್ಬರೇ ಹೊರಬೇಕಾದ ಸೋಲುಗಳೂ ಇವೆ. 2017ರ ಸೂಪರ್ ಬೌಲ್‌ನಲ್ಲಿ ಅಟ್ಲಾಂಟಾ ಫಾಲ್ಕನ್ಸ್ ಒಂದು ಹಂತದಲ್ಲಿ 28–3ರಿಂದ ಮುಂದಿತ್ತು. ಕೊನೆಯ ಹೊತ್ತಿಗೆ ಅಂತರ 28–20ಕ್ಕೆ ಇಳಿದಿದ್ದರೂ ಚೆಂಡು ಎದುರಾಳಿಯ 22 ಗಜದ ಗೆರೆ ಬಳಿ ಅವರ ಕೈಯಲ್ಲೇ ಇತ್ತು. ಚೆಂಡು ಹಿಡಿದು ಓಡಿಸಿ, ಸಮಯ ಕಳೆದು, ಒಂದು ಫೀಲ್ಡ್ ಗೋಲ್ ಒದ್ದಿದ್ದರೆ ಅಂತರ 11 ಆಗುತ್ತಿತ್ತು. ಆದರೆ ಎರಡನೇ ಯತ್ನದಲ್ಲಿ ಬಂದ ಆದೇಶ ಎಸೆಯಲು. ಆ ಋತುವಿನ ಅತ್ಯುತ್ತಮ ಆಟಗಾರ ಎನಿಸಿದ್ದ ಮ್ಯಾಟ್ ರಾಯನ್ ಎಸೆಯುವ ಮೊದಲೇ ಎದುರಾಳಿ ಅವರನ್ನು ಕೆಡವಿದ. 12 ಗಜ ಹೋಯಿತು. ಅದರ ಬೆನ್ನಿಗೇ ದಂಡದ 10 ಗಜವೂ ಹೋಗಿ ಫೀಲ್ಡ್ ಗೋಲ್ ಕೈತಪ್ಪಿತು. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಹೆಚ್ಚುವರಿ ಅವಧಿಯಲ್ಲಿ 34–28ರಿಂದ ಗೆದ್ದಿತು. ಆ ದಿನ ಫಾಲ್ಕನ್ಸ್ ದಾಳಿಯ ಆದೇಶ ಕೊಡುತ್ತಿದ್ದವರೂ ಶಾನಹಾನ್ ಅವರೇ. ಗುರಿ ತಪ್ಪಲು ಚೆಂಡು ಕೈಯಿಂದ ಹೊರಟೇ ಇರಲಿಲ್ಲ. ಅಲ್ಲಿ ಕೆಟ್ಟದ್ದು ಆಯ್ಕೆ, ಎಸೆತವಲ್ಲ.

ಆದರೂ ಬೆಲೆ ತೆರುವವರು ಯಾರು? ಮಯಾಮಿ ಸೋಲಿನ ಮರುವರ್ಷ, 2021ರಲ್ಲಿ, ಫಾರ್ಟಿನೈನರ್ಸ್ ಹೊಸ ಆಟಗಾರರ ವಾರ್ಷಿಕ ಆಯ್ಕೆಯಲ್ಲಿ ಮುಂದಿನ ವರ್ಷಗಳ ಮೊದಲ ಸುತ್ತಿನ ಅವಕಾಶಗಳನ್ನೇ ಬಿಟ್ಟುಕೊಟ್ಟು ಟ್ರೇ ಲ್ಯಾನ್ಸ್ ಎಂಬ ಹೊಸ ಕ್ವಾರ್ಟರ್‌ಬ್ಯಾಕ್ ತಂದಿತು. ಗರಾಪಲೊ 2023ರಲ್ಲಿ ತಂಡ ಬಿಟ್ಟರು. ಗಾಯವೂ ಕಾಡಿದ ಲ್ಯಾನ್ಸ್ ನಾಲ್ಕೇ ಪಂದ್ಯಗಳನ್ನು ಆರಂಭಿಸಿ, ಅದೇ ವರ್ಷ ಡಲ್ಲಾಸ್‌ಗೆ ಹೋದರು. ಶಾನಹಾನ್ ಉಳಿದರು. ಅವರ ಸಾಮರ್ಥ್ಯ ಕಡಿಮೆಯದಲ್ಲ. 2022ರ ಆಯ್ಕೆ ಪ್ರಕ್ರಿಯೆಯಲ್ಲಿ ಕಟ್ಟಕಡೆಯವರಾಗಿ, 262ನೆಯ ಸ್ಥಾನದಲ್ಲಿ ಸಿಕ್ಕ ಬ್ರಾಕ್ ಪರ್ಡಿ ಅವರನ್ನು ಇಟ್ಟುಕೊಂಡೇ ಮತ್ತೊಂದು ಸೂಪರ್ ಬೌಲ್ ತಲುಪಿದರು. ಆದರೆ ಕ್ವಾರ್ಟರ್‌ಬ್ಯಾಕ್ ಯಾರೇ ಇರಲಿ, ತಂಡವನ್ನು ಅಲ್ಲಿಗೆ ಒಯ್ದ ಕೀರ್ತಿ ಕೋಚ್‌ದು ಎಂದು ಒಪ್ಪುವುದಾದರೆ, ಅಲ್ಲಿ ಎಡವಿದ ಹೊಣೆಯಲ್ಲೂ ಅವರಿಗೆ ಪಾಲಿರಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಪದ್ಧತಿ ಮೈದಾನದಲ್ಲೂ ಬೇಡ.

ಕೋಚ್, ಕ್ವಾರ್ಟರ್‌ಬ್ಯಾಕ್ ಇಬ್ಬರದೂ ತಪ್ಪಿಲ್ಲದೆ ಎಸೆತ ಕೆಡುವುದೂ ಉಂಟು. 2023ರ ನವೆಂಬರ್ 20ರಂದು ಫಿಲಡೆಲ್ಫಿಯಾ ಈಗಲ್ಸ್ ವಿರುದ್ಧ ಚೀಫ್ಸ್ ನಾಲ್ಕು ಅಂಕ ಹಿಂದಿತ್ತು. ಕೊನೆಯ ನಿಮಿಷಗಳಲ್ಲಿ ಮಹೋಮ್ಸ್ ದೂರಕ್ಕೆ ಎಸೆದರು. ಕಾವಲು ದಾಟಿ ಓಡಿದ್ದ ಮಾರ್ಕೆಸ್ ವಾಲ್ಡೆಸ್-ಸ್ಕ್ಯಾಂಟ್ಲಿಂಗ್ ಕೈಗೇ ಬಂದ ಚೆಂಡು ಜಾರಿಹೋಯಿತು. ಚೀಫ್ಸ್ 17–21ರಿಂದ ಸೋತಿತು. ಹೇಳಿದವರೂ ಸರಿ, ಎಸೆದವರೂ ಸರಿ. ಹಿಡಿಯುವ ಕೈ ಮೋಸ ಮಾಡಿತು. ಆ ಆಟಗಾರನ ಮೇಲೆ ಅಭಿಮಾನಿಗಳ ಕೋಪ ಮುಗಿಲು ಮುಟ್ಟಿತು.

ಎರಡು ತಿಂಗಳ ಬಳಿಕ, 2024ರ ಜನವರಿ 28. ಬಾಲ್ಟಿಮೋರ್‌ನಲ್ಲಿ ಫೈನಲ್‌ಗೆ ಹೋಗುವ ಪಂದ್ಯ. ಚೀಫ್ಸ್ 17–10ರಿಂದ ಮುಂದಿತ್ತು. ಮೂರನೇ ಯತ್ನ, 9 ಗಜ ಬೇಕು. ಸಿಕ್ಕದಿದ್ದರೆ ಚೆಂಡು ಎದುರಾಳಿಗೆ. ರೀಡ್ ಮತ್ತೆ ದೂರದ ಎಸೆತವನ್ನೇ ನಂಬಿದರು. ಮಹೋಮ್ಸ್ ಎಸೆದದ್ದು ಮತ್ತೆ ಅದೇ ವಾಲ್ಡೆಸ್-ಸ್ಕ್ಯಾಂಟ್ಲಿಂಗ್ ಕಡೆಗೆ. ಈ ಸಲ ಚೆಂಡು ಕೈಯಲ್ಲಿ ನಿಂತಿತು; 32 ಗಜ ದಕ್ಕಿತು, ಪಂದ್ಯ ಮುಗಿಯಿತು. ನವೆಂಬರ್‌ನ ಆ ಚೆಂಡಿಗೆ ಗೂಬೆ ಕೂರಿಸಲು ತಲೆ ಹುಡುಕುತ್ತಾ ಕೂತಿದ್ದರೆ ಈ ಎಸೆತ ಆ ಕೈಗಳತ್ತ ಹೋಗುತ್ತಲೇ ಇರಲಿಲ್ಲ.