ಕೂರಿಸಿದ ಗಾಜು, ಅಂಟಿಸಿದ ಗಾಜು

ಹಳೆಯ ಕಾರಿನ ಗುಟ್ಟು ರಟ್ಟಾಗುವುದು ಮುಂಬೈಯ ಜುಲೈ ಮಳೆಯಲ್ಲಿ. ಮುಂದಿನ ಗಾಜಿನ ಕೆಳಮೂಲೆಯಿಂದ ಒಂದು ಹನಿ ಇಳಿದು ಚಾಲಕನ ಪಾದದ ಮೇಲೆ ಬೀಳುತ್ತದೆ. ಎರಡು ದಿನದಲ್ಲಿ ಕಾಲಡಿಯ ಮ್ಯಾಟ್ ಒದ್ದೆಯಾಗಿ ಮುಗ್ಗಲು ವಾಸನೆ ಹಿಡಿಯುತ್ತದೆ. ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡ ಎಷ್ಟೋ ಮಂದಿ ಆಗ ಹಾರ್ಡ್‌ವೇರ್ ಅಂಗಡಿಯಿಂದ ಒಂದು ಸಿಲಿಕೋನ್ ಟ್ಯೂಬ್ ತಂದು ರಬ್ಬರಿನ ಸುತ್ತ ಬಳಿದುಬಿಡುತ್ತಾರೆ. ಆ ಮಳೆಗಾಲ ಹೇಗೋ ಕಳೆಯುತ್ತದೆ. ರಬ್ಬರಿನ ಕೆಳಗೆ ಸಿಕ್ಕಿಕೊಂಡ ನೀರು ಮಾತ್ರ ಅಲ್ಲೇ ಉಳಿದು ತಗಡನ್ನು ತಿನ್ನುತ್ತಿರುತ್ತದೆ. ವಿನೆಗರ್ ವಾಸನೆಯ ಸಿಲಿಕೋನ್ ಒಣಗುವಾಗ ಹೊರಬಿಡುವ ಆಮ್ಲವೂ ಬರಿಯ ಲೋಹಕ್ಕೆ ಒಳ್ಳೆಯದಲ್ಲ. ಅದರ ಪಸೆ ಉಳಿದ ಜಾಗದಲ್ಲಿ ಮುಂದೆ ಬಣ್ಣವೂ ಹಿಡಿಯುವುದಿಲ್ಲ. ಇದು ರಿಪೇರಿಯ ಹೆಸರಿನಲ್ಲಿ ನಡೆಯುವ ಮುಂದೂಡಿಕೆ.

ಕಾರಿಗೆ ಗಾಜು ಹಾಕುವ ಕೆಲಸಕ್ಕೆ ಕನ್ನಡದಲ್ಲಿ ಎರಡು ಕ್ರಿಯಾಪದಗಳು ಒದಗುತ್ತವೆ: ಕೂರಿಸುವುದು ಮತ್ತು ಅಂಟಿಸುವುದು. ಇಂದಿನ ಕಾರುಗಳ ಮುಂಗಾಜನ್ನು ಪಾಲಿಯುರೆಥೇನ್ ಅಂಟಿನಿಂದ ಬಾಡಿಗೆ ಅಂಟಿಸುತ್ತಾರೆ. ಅದು ಕಾರಿನ ಕಟ್ಟಡದ ಒಂದು ಭಾಗ. ಉರುಳಿದಾಗ ಛಾವಣಿಗೆ ಬಲ ಕೊಡುತ್ತದೆ, ಎಷ್ಟೋ ಕಾರುಗಳಲ್ಲಿ ಏರ್‌ಬ್ಯಾಗಿಗೆ ಆನಿಕೆಯಾಗುತ್ತದೆ. ಪದ್ಮಿನಿಯಂಥ ಕಾರುಗಳಲ್ಲಿ ಗಾಜು ಕೂರುವುದು ರಬ್ಬರಿನೊಳಗೆ. ರಬ್ಬರಿನ ಒಂದು ಸೀಳು ಗಾಜನ್ನು ಹಿಡಿದರೆ ಇನ್ನೊಂದು ಬಾಡಿಯ ಅಂಚನ್ನು ಕಚ್ಚುತ್ತದೆ. ಹೀಗೆ ಕೂರಿಸಿದ್ದನ್ನು ಎಬ್ಬಿಸಿ ಮತ್ತೆ ಕೂರಿಸಬಹುದು. ಸೋರಿಕೆಗೆ ನಿಜವಾದ ಮದ್ದು ಅದೊಂದೇ.

ಕೆಲಸ ಹೀಗೆ ನಡೆಯುತ್ತದೆ. ಬಿರುಸಾದ ಹಳೆಯ ರಬ್ಬರನ್ನು ಬ್ಲೇಡಿನಿಂದ ಕೊಯ್ದು ಗಾಜನ್ನು ಹೊರತೆಗೆಯಬೇಕು. ಅಂಚಿನ ತುಕ್ಕನ್ನು ಲೋಹ ಹೊಳೆಯುವವರೆಗೆ ಉಜ್ಜಬೇಕು. ತೂತು ಬಿದ್ದಲ್ಲಿ ತಗಡು ಬೆಸೆದು ಪ್ರೈಮರ್, ಬಣ್ಣ ಹಾಕಿ ಪೂರ್ತಿ ಒಣಗಲು ಬಿಡಬೇಕು. ಆಮೇಲೆ ಹೊಸ ರಬ್ಬರನ್ನು ಗಾಜಿಗೆ ತೊಡಿಸಿ, ಬಾಡಿಯನ್ನು ಕಚ್ಚುವ ಸೀಳಿನೊಳಗೆ ಸುತ್ತಲೂ ಒಂದು ಹುರಿ ಇಟ್ಟು, ಸಾಬೂನು ನೀರು ಸವರುತ್ತಾರೆ. ಹೊರಗಿನವನು ಅಂಗೈಯಲ್ಲಿ ಗಾಜನ್ನು ಒತ್ತುತ್ತಾನೆ, ಒಳಗೆ ಕೂತವನು ಹುರಿಯನ್ನು ಎಳೆಯುತ್ತ ಹೋಗುತ್ತಾನೆ. ಹುರಿ ಹೊರಬಂದಷ್ಟೂ ರಬ್ಬರಿನ ತುಟಿ ತಗಡಿನಂಚನ್ನು ಹತ್ತಿ ಒಳಗೆ ಮಗುಚಿಕೊಳ್ಳುತ್ತದೆ. ಒಂದು ಕೈ ಅವಸರ ಮಾಡಿದರೆ ಗಾಜು ಬಿರಿಯುತ್ತದೆ. ಕೊನೆಗೆ ರಬ್ಬರಿನ ತುಟಿಯ ಕೆಳಗೆ, ಒಣಗಿ ಗಟ್ಟಿಯಾಗದ ಸೀಲಂಟನ್ನು ತೆಳ್ಳಗೆ ಹರಿಸುತ್ತಾರೆ. ಕಾರು ಓಡುವಾಗ ಬಾಡಿ ಸಣ್ಣಗೆ ತಿರುಚಿಕೊಳ್ಳುತ್ತಲೇ ಇರುವುದರಿಂದ ಸೀಲಂಟೂ ಅದರ ಜೊತೆ ಜರುಗುವಂತಿರಬೇಕು. ಪೈಪಿನ ನೀರನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಬಿಟ್ಟು ನೋಡಿದ ಮೇಲೆಯೇ ಕೆಲಸ ಮುಗಿಯಿತು ಎನ್ನುವುದು.

ಪದ್ಮಿನಿ ತಯಾರಾದದ್ದು ಕುರ್ಲಾದಲ್ಲಿ, ವಾಲ್‌ಚಂದ್ ಹೀರಾಚಂದ್ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆಯಲ್ಲಿ. ಅಲ್ಲಿಂದ ಧಾರಾವಿ ಕೆಲವೇ ಕಿಲೋಮೀಟರ್. ಮುಂಬೈಯಲ್ಲಿ ಟ್ಯಾಕ್ಸಿಗಳ ವಯಸ್ಸಿಗೆ 20 ವರ್ಷದ ಮಿತಿಯಿದೆ. 2003ರ ಅಕ್ಟೋಬರ್ 29ರಂದು ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಇಳಿಯಿತು. ಕೇಂದ್ರ ಸರ್ಕಾರದ 2021ರ ನಿಯಮದಂತೆ, ಮೂಲರೂಪ ಉಳಿಸಿಕೊಂಡ 50 ವರ್ಷದ ಖಾಸಗಿ ಕಾರು 'ವಿಂಟೇಜ್' ಆಗಬಹುದು. ಪದ್ಮಿನಿ ಎಂಬ ಹೆಸರು ಬಂದದ್ದು 1974ರಲ್ಲಿ. ಅಂದರೆ ಟ್ಯಾಕ್ಸಿಯಾಗಿ ಅದು ಮರೆಯಾದ ಮರುವರ್ಷವೇ ಅದೇ ಕಾರಿಗೆ ಗೌರವದ ನಂಬರ್ ಪ್ಲೇಟಿನ ಅರ್ಹತೆ ಬಂತು.

ನಿಯಮ ಕಾರಿನ ಮೂಲರೂಪವನ್ನು ಕೇಳುತ್ತದೆ. ಆ ಮೂಲರೂಪವನ್ನು ಉಳಿಸುವ ಕೈಗಳ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ. ಗಾಜು ಕೂರಿಸುವ ವಿದ್ಯೆ ಬರಿಯ ಪಠ್ಯದಿಂದ ಬರುವುದಲ್ಲ. ಅದು ಬೆಳೆಯುವುದು ವೆಲ್ಡಿಂಗ್, ತಗಡಿನ ಕೆಲಸ, ಗುಜರಿ ಅಂಗಡಿ, ಬಣ್ಣದ ಕೆಲಸ ಎಲ್ಲ ಕೂಗಳತೆಯಲ್ಲಿರುವ ಕಡೆ. ಧಾರಾವಿಯ ಬಲ ಇರುವುದೇ ಆ ಒತ್ತೊತ್ತಿನಲ್ಲಿ. ಗಾಜು ತೆಗೆದಾಗ ಅಂಚಿನಲ್ಲಿ ತೂತು ಕಂಡರೆ ಬೆಸೆಯುವವನು ಪಕ್ಕದ ಓಣಿಯಲ್ಲೇ ಸಿಗುತ್ತಾನೆ. ಹುರಿ ಎಳೆಯಲು ಇನ್ನೊಂದು ಕೈ ಬೇಕೆಂದರೆ ಎದುರಿನ ಅಂಗಡಿಯಿಂದ ಕರೆಯಬಹುದು. ಮಾತು ಮರಾಠಿಯಲ್ಲಿರಲಿ, ತಮಿಳು, ಹಿಂದಿ, ಕನ್ನಡದಲ್ಲಿರಲಿ, 'ಮೆಲ್ಲಗೆ ಎಳಿ' ಎಂಬುದು ಎಲ್ಲರಿಗೂ ಅರ್ಥವಾಗುತ್ತದೆ.

ಈಗ ಆ ಓಣಿಗಳ ಪುನರಭಿವೃದ್ಧಿ ನಡೆಯುತ್ತಿದೆ. 2022ರ ಟೆಂಡರಿನಲ್ಲಿ ಅದಾನಿ ಸಮೂಹ ಗೆದ್ದ ಯೋಜನೆಯಿದು. 2000ದ ಜನವರಿ 1ಕ್ಕೆ ಮೊದಲಿನಿಂದ ನೆಲಮಹಡಿಯಲ್ಲಿ ವಾಸವಿರುವ ಅರ್ಹ ಕುಟುಂಬಕ್ಕೆ ಧಾರಾವಿಯಲ್ಲೇ 350 ಚದರ ಅಡಿಯ ಮನೆ ಉಚಿತ. ಆಮೇಲೆ ಬಂದವರಿಗೂ ಮೇಲ್ಮಹಡಿಯಲ್ಲಿ ಇರುವವರಿಗೂ ಲೆಕ್ಕ ಬೇರೆ, ಜಾಗ ಬೇರೆ. ಕಿರಿದಾದ ಓಣಿ, ಸಾಲು ನಿಲ್ಲಬೇಕಾದ ಶೌಚಾಲಯ, ಬೆಂಕಿಯ ಭಯ, ಇವು ಹೀಗೇ ಇರಲಿ ಎನ್ನುವವರು ಅಲ್ಲಿ ಬದುಕಿ ನೋಡಬೇಕು. ಒಳ್ಳೆಯ ಮನೆ ಬೇಕೇ ಬೇಕು. ಆದರೆ ಅರ್ಹತೆಯನ್ನು ಮನೆಮನೆಯ ಕಾಗದದಲ್ಲಿ ಅಳೆದಾಗ, ಒಬ್ಬರ ಕೆಲಸ ಇನ್ನೊಬ್ಬರನ್ನು ಆತುಕೊಂಡಿರುವ ಸಂಬಂಧ ಯಾವ ಪಟ್ಟಿಗೂ ಸೇರುವುದಿಲ್ಲ. ವೆಲ್ಡರ್ ಅರ್ಹನಾಗಿ, ಮೇಲ್ಮಹಡಿಯಲ್ಲಿ ಬಾಡಿಗೆಗಿರುವ ಅವನ ಸಹಾಯಕ ಊರಾಚೆ ಹೋದರೆ ಹುರಿ ಎಳೆಯುವವರು ಯಾರು? ಐದನೆಯ ಮಹಡಿಗೆ ಕಾರನ್ನು ಒಯ್ಯುವುದು ಹೇಗೆ?

ಆದ್ದರಿಂದ ಕೇಳಬೇಕಾದದ್ದು ಹೆಚ್ಚೇನಲ್ಲ. ರಿಪೇರಿ ಕಸುಬುಗಳಿಗೆ ಬೀದಿಗೆ ತೆರೆದ ನೆಲಮಹಡಿ ಜಾಗ ಬೇಕು, ಅದೂ ಒಂದರ ಪಕ್ಕ ಒಂದು. ಸಮೀಕ್ಷೆಯಲ್ಲಿ ಅಂಗಡಿಯ ಯಜಮಾನನ ಜೊತೆ ಅಲ್ಲಿ ದುಡಿಯುವವರ ಹೆಸರೂ ಇರಬೇಕು. ಐಟಿಐಗಳು ಈ ಕುಶಲಿಗರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡಬೇಕು. ಕಾರಿನ ಮಾಲೀಕರಿಗೂ ಇದರಲ್ಲಿ ಪಾಲಿದೆ: ಟ್ಯೂಬಿನ ಬೆಲೆಗೆ ಎರಡು ದಿನದ ಕೆಲಸ ಕೇಳುವವರೇ ಈ ವಿದ್ಯೆಯನ್ನು ಮೊದಲು ಕೊಂದವರು.

ಗಾಜಾಗಲಿ ಮನುಷ್ಯರಾಗಲಿ, ಎಬ್ಬಿಸುವುದು ಸುಲಭ. ಮತ್ತೆ ಕೂರಿಸುವಾಗ ಅಂಚು ನೋಡಬೇಕು, ತುಕ್ಕು ತೆಗೆಯಬೇಕು, ಒಳಗೂ ಹೊರಗೂ ಕೈಗಳಿರಬೇಕು. ಸರಿಯಾಗಿ ಕೂತಿದೆಯೋ ಇಲ್ಲವೋ ಎಂಬುದನ್ನು ಉದ್ಘಾಟನೆಯ ದಿನ ಹೇಳಲಾಗದು. ಅದು ಗೊತ್ತಾಗುವುದು ಮುಂದಿನ ಜುಲೈಯಲ್ಲಿ.