ಒಣಹವೆಗೆ ಬಣ್ಣದ ಎಚ್ಚರಿಕೆ ಇಲ್ಲ

ಸೆಪ್ಟೆಂಬರ್ ಕೊನೆಯ ಅಥವಾ ಅಕ್ಟೋಬರ್ ಮೊದಲ ವಾರದ ಹವಾಮಾನ ಮುನ್ಸೂಚನೆಯಲ್ಲಿ ಒಂದು ಬಗೆಯ ವರದಿ ಆಗಾಗ ಕಾಣಿಸುತ್ತದೆ. ಕರಾವಳಿಯ ಒಂದೆರಡು ಕಡೆ ಹಗುರ ಮಳೆ, ಒಳನಾಡಿನಲ್ಲಿ ಬಹುತೇಕ ಒಣಹವೆ, ಗರಿಷ್ಠ ಉಷ್ಣಾಂಶದಲ್ಲಿ ಅಲ್ಪ ಏರಿಕೆ. ನಗರವಾಸಿಗಳಾದ ನಮಗೆ ಇದು ನೆಮ್ಮದಿಯ ಸುದ್ದಿ. ರಸ್ತೆಯಲ್ಲಿ ನೀರು ನಿಲ್ಲುವುದಿಲ್ಲ, ಒಗೆದ ಬಟ್ಟೆ ಒಣಗುತ್ತದೆ, ದಸರಾ ರಜೆಯ ಪ್ರವಾಸಕ್ಕೆ ಅಡ್ಡಿಯಿಲ್ಲ. ಆದರೆ ಈ ನಾಡಿನ ಮಟ್ಟಿಗೆ, ವರ್ಷದ ಈ ಹೊತ್ತಿನಲ್ಲಿ ಬರುವ ಒಂದು ಒಣ ವಾರ ಅಷ್ಟು ನಿರುಪದ್ರವಿಯಲ್ಲ ಎಂಬುದು ನನ್ನ ವಾದ.

ಮೊದಲಿಗೆ ಕಾರಣವನ್ನು ನೋಡೋಣ. ಹವಾಮಾನ ಇಲಾಖೆ 2020ರಲ್ಲಿ ಪರಿಷ್ಕರಿಸಿದ ವೇಳಾಪಟ್ಟಿಯ ಪ್ರಕಾರ ನೈರುತ್ಯ ಮುಂಗಾರು ಸೆಪ್ಟೆಂಬರ್ 17ರ ಸುಮಾರಿಗೆ ರಾಜಸ್ಥಾನದ ವಾಯವ್ಯ ಭಾಗದಿಂದ ಹಿಂದೆ ಸರಿಯತೊಡಗುತ್ತದೆ, ಅಕ್ಟೋಬರ್ 15ರ ವೇಳೆಗೆ ಇಡೀ ದೇಶದಿಂದ ನಿರ್ಗಮಿಸುತ್ತದೆ. ಹಿಂಗಾರು ನೆಲೆಗೊಳ್ಳುವುದು ಅದರ ನಂತರ. ಈ ಸಂಧಿಕಾಲದಲ್ಲಿ ಗಾಳಿ ದುರ್ಬಲವಾಗುತ್ತದೆ, ಮೋಡ ಚದುರುತ್ತದೆ. ಬಿಸಿಲು ಇನ್ನೂ ತೀಕ್ಷ್ಣವಾಗಿರುತ್ತದೆ, ನೆಲ ಇನ್ನೂ ತೇವವಾಗಿರುತ್ತದೆ. ಕರಾವಳಿಯ ಜನ ಬೆವರು ಒರೆಸಿಕೊಳ್ಳುತ್ತ ಅನುಭವಿಸುವ ಅಕ್ಟೋಬರ್ ಸೆಕೆಯ ಗುಟ್ಟು ಇಷ್ಟೇ. ಇದು ಪ್ರಕೃತಿಯ ಸಹಜ ಕ್ರಮ. ಇದರಲ್ಲಿ ಆತಂಕಪಡುವಂಥದ್ದೇನೂ ಇಲ್ಲ.

ಆತಂಕವಿರುವುದು ಆ ವಾರ ಯಾರ ಹೊಲದ ಮೇಲೆ ಬಂತು ಎಂಬುದರಲ್ಲಿ. ಬಯಲುಸೀಮೆಯ ತುಮಕೂರು, ಕೋಲಾರ, ರಾಮನಗರದ ಕಡೆ ಮಳೆ ನೆಚ್ಚಿ ತಡವಾಗಿ ಬಿತ್ತಿದ ರಾಗಿ ತೆನೆ ಒಡೆದು ಕಾಳು ಕಟ್ಟುವ ಹೊತ್ತು ಇದು. ಹಸ್ತ, ಚಿತ್ತ ಮಳೆಗಳಿಗೆ ರೈತ ಮುಗಿಲು ನೋಡುವುದು ಇದೇ ಕಾರಣಕ್ಕೆ. ಅದೇ ವಾರ ಚಿತ್ರದುರ್ಗ, ಗದಗದ ಈರುಳ್ಳಿ ಬೆಳೆಗಾರನಿಗೆ ವರದಾನ. ಕಿತ್ತ ಗಡ್ಡೆ ಹೊಲದಲ್ಲೇ ಒಣಗಬೇಕು, ಎರಡು ದಿನ ಮಳೆ ಹಿಡಿದರೆ ಕೊಳೆತು ಹೋಗುತ್ತದೆ. ಬೀದರಿನ ಸೋಯಾ ಬೆಳೆಗಾರನಿಗೂ ಕೊಯ್ಲಿಗೆ ಬಿಸಿಲು ಬೇಕು. ಮಲೆನಾಡಿನ ಅಡಿಕೆ ತೋಟದವರಿಗೆ ಕೊಳೆರೋಗದಿಂದ ಬಿಡುಗಡೆ. ವಿಜಯಪುರದ ಎರೆಭೂಮಿಯಲ್ಲಿ ಬಿಳಿಜೋಳ, ಕಡಲೆ ಬಿತ್ತುವವನಿಗಾದರೋ ಮೊದಲು ಒಂದು ಒಳ್ಳೆಯ ಮಳೆ, ಅನಂತರ ನೆಲ ಹದಕ್ಕೆ ಬರುವಷ್ಟು ಬಿಡುವು ಎರಡೂ ಬೇಕು. ಒಂದೇ ಹವೆ ಒಬ್ಬನಿಗೆ ಫಸಲು, ಇನ್ನೊಬ್ಬನಿಗೆ ನಷ್ಟ.

ಈ ವೈವಿಧ್ಯವನ್ನು ನಮ್ಮ ಮುನ್ಸೂಚನೆಯ ಭಾಷೆ ಹಿಡಿದಿಡುತ್ತದೆಯೇ? ಹವಾಮಾನ ಇಲಾಖೆಯ ವಿಂಗಡಣೆಯಲ್ಲಿ ಕರ್ನಾಟಕಕ್ಕೆ ಮೂರೇ ಉಪವಿಭಾಗಗಳು: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ಬೀದರಿನಿಂದ ಹಾವೇರಿಯವರೆಗೆ ಒಂದು ವಿಭಾಗ. ಆಗುಂಬೆಯೂ ಪಾವಗಡವೂ ಸೇರಿದ್ದು ಇನ್ನೊಂದು. ‘ಒಂದೆರಡು ಕಡೆ ಮಳೆ’ ಎಂದರೆ ಆ ವಿಭಾಗದ ಮಳೆಮಾಪನ ಕೇಂದ್ರಗಳಲ್ಲಿ ಶೇ 25ಕ್ಕಿಂತ ಹೆಚ್ಚಿಲ್ಲದಷ್ಟು ಕಡೆ ಮಳೆ ಎಂದು ಅರ್ಥ. ಇದು ಶಾಸ್ತ್ರೀಯವಾಗಿ ಸರಿಯಾದ ವ್ಯಾಖ್ಯೆ. ಆದರೆ ತನ್ನ ಹೋಬಳಿ ಆ ಕಾಲು ಭಾಗದಲ್ಲಿದೆಯೋ ಉಳಿದ ಮುಕ್ಕಾಲು ಭಾಗದಲ್ಲಿದೆಯೋ ಎಂಬುದು ರೈತನಿಗೆ ಅದರಿಂದ ತಿಳಿಯುವುದಿಲ್ಲ. ಜಿಲ್ಲಾವಾರು ಮುನ್ಸೂಚನೆ ಇದೆ ಎಂಬುದು ನಿಜವಾದರೂ ಜನರ ಕಿವಿಗೆ ಬೀಳುವುದು ಬಹುಪಾಲು ಈ ಮೂರು ವಿಭಾಗಗಳ ಮಾತೇ.

ಇನ್ನೊಂದು ಕೊರತೆ ಇದಕ್ಕಿಂತ ಗಂಭೀರ. ಭಾರಿ ಮಳೆಗೆ ಹಳದಿ, ಕಿತ್ತಳೆ, ಕೆಂಪು ಎಂಬ ಎಚ್ಚರಿಕೆಗಳಿವೆ. ಅವು ಹೊರಬಿದ್ದರೆ ಜಿಲ್ಲಾಧಿಕಾರಿ ಶಾಲೆಗೆ ರಜೆ ಘೋಷಿಸುತ್ತಾರೆ, ವಾಹಿನಿಗಳು ದಿನವಿಡೀ ಸುದ್ದಿ ಬಿತ್ತರಿಸುತ್ತವೆ. ಮಳೆಯಿಲ್ಲದ ವಾರಕ್ಕೆ ಯಾವ ಬಣ್ಣವೂ ಇಲ್ಲ. ಪ್ರವಾಹ ಒಂದು ರಾತ್ರಿಯಲ್ಲಿ ಬರುತ್ತದೆ. ಬರಗಾಲವಾದರೋ ಒಂದೊಂದೇ ‘ಒಳ್ಳೆಯ ಹವೆ’ಯ ವಾರವಾಗಿ, ಸದ್ದಿಲ್ಲದೆ ಬರುತ್ತದೆ.

2023 ಇದಕ್ಕೆ ಸಾಕ್ಷಿ. ಆ ವರ್ಷದ ಆಗಸ್ಟ್ 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಆಗಿತ್ತು. ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಮೊದಲ ಹಂತದಲ್ಲಿ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ಮುಂದೆ ಆ ಸಂಖ್ಯೆ 223ಕ್ಕೆ ಏರಿತು. ಕಾವೇರಿ ನೀರಿಗಾಗಿ ಸೆಪ್ಟೆಂಬರ್ ಕೊನೆಯಲ್ಲಿ ಬೆಂಗಳೂರು ಬಂದ್, ಅದರ ಬೆನ್ನಲ್ಲೇ ಕರ್ನಾಟಕ ಬಂದ್ ನಡೆದವು. ಅಕ್ಟೋಬರಿನಲ್ಲಿ ಪಂಪ್‌ಸೆಟ್ಟುಗಳ ಬಳಕೆ ಏರಿ ವಿದ್ಯುತ್ ಕೊರತೆ ಕಾಡಿತು. 2024ರ ಮಾರ್ಚಿನಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಮುಂದೆ ಟ್ಯಾಂಕರಿಗಾಗಿ ಜನ ಕಾದು ನಿಂತದ್ದು ಅದೇ ಸರಣಿಯ ಮುಂದುವರಿಕೆ. ರಾಜ್ಯ 18 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ನೆರವು ಕೇಳಿತ್ತು. ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಬಳಿಕ, 2024ರ ಏಪ್ರಿಲ್ ಕೊನೆಗೆ ಕೇಂದ್ರದಿಂದ ಬಂದದ್ದು ಸುಮಾರು 3,400 ಕೋಟಿ. ಪೈರು ಒಣಗಿದ್ದು ಮುಂಗಾರಿನಲ್ಲಿ, ಪರಿಹಾರ ಬಂದದ್ದು ಮರುವರ್ಷದ ಬೇಸಿಗೆಯಲ್ಲಿ.

ಬರ ನಿರ್ವಹಣೆಯ ಕುರಿತ ಕೇಂದ್ರದ 2016ರ ಕೈಪಿಡಿಯ ಪ್ರಕಾರ, ವಾರಕ್ಕೆ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆಯಾದ ಮೂರು-ನಾಲ್ಕು ವಾರಗಳು ಸತತವಾಗಿ ಬಂದರೆ ಅದು ಶುಷ್ಕ ಅವಧಿ. ಮುಂಗಾರು ಬೆಳೆಯ ಬರ ಘೋಷಣೆಗೆ ಅಕ್ಟೋಬರ್ 30ರ ಗಡುವೂ ಅದರಲ್ಲಿದೆ. ಅಂದರೆ ಸರ್ಕಾರದ ಲೆಕ್ಕದಲ್ಲೂ ವಾರವೇ ಅಳತೆಗೋಲು. ಹೀಗಿರುವಾಗ ಮೂರನೆಯ ಒಣ ವಾರ ಬರಲಿದೆ ಎಂದು ಮುಂಚಿತವಾಗಿ ಜನರಿಗೆ ಏಕೆ ಹೇಳಬಾರದು?

ಅಷ್ಟು ನಿಖರವಾಗಿ ಹೇಳಲು ಸಾಧ್ಯವಿಲ್ಲ ಎಂಬ ಆಕ್ಷೇಪ ಬರಬಹುದು. ಗುಡುಗು ಮಳೆ ಯಾವ ಊರಿನ ಮೇಲೆ ಸುರಿಯುತ್ತದೆ ಎಂದು ನಾಲ್ಕು ದಿನ ಮೊದಲು ಹೇಳುವುದು ಕಷ್ಟ, ಒಪ್ಪುತ್ತೇನೆ. ಆದರೆ ವಿಶಾಲ ಪ್ರದೇಶವೊಂದರಲ್ಲಿ ಮುಂದಿನ ವಾರ ಮಳೆ ವಾಡಿಕೆಗಿಂತ ಕಡಿಮೆಯಾಗುವ ಸಂಭವವನ್ನು ಅಂದಾಜಿಸುವುದು ಬೇರೆ ಮಾತು. ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ ವಾರಗಳ ವಿಸ್ತೃತ ಮುನ್ಸೂಚನೆ ನೀಡುತ್ತಲೇ ಇದೆ. ಇನ್ನು ಈವರೆಗೆ ಎಷ್ಟು ಮಳೆ ಬಿದ್ದಿದೆ ಎಂಬ ಲೆಕ್ಕದಲ್ಲಿ ಕರ್ನಾಟಕ ಬಹುತೇಕ ರಾಜ್ಯಗಳಿಗಿಂತ ಮುಂದಿದೆ. 1988ರಲ್ಲಿ ಬರ ಪರಿವೀಕ್ಷಣಾ ಕೋಶವಾಗಿ ಹುಟ್ಟಿದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದವರೆಗೆ ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಿದೆ. ರೈತರಿಗಾಗಿ ‘ವರುಣ ಮಿತ್ರ’ ಸಹಾಯವಾಣಿಯನ್ನೂ ನಡೆಸಿದೆ. ಇವೆರಡನ್ನೂ ಜೋಡಿಸಿ ಹೋಬಳಿವಾರು ‘ಒಣ ವಾರದ ಎಚ್ಚರಿಕೆ’ ಕೊಡುವುದು ಅಸಾಧ್ಯವೇನಲ್ಲ.

ಅಂಥ ಎಚ್ಚರಿಕೆಯಿಂದ ಪ್ರಯೋಜನವೂ ಇದೆ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಡಿ ತೋಡಿದ ಹೊಂಡಗಳ ನೀರನ್ನು ಯಾವಾಗ ಪೈರಿಗೆ ಹರಿಸಬೇಕು ಎಂಬುದು ಒಂದು ವಾರ ಮುಂಚೆ ತಿಳಿದರೆ ರಾಗಿಯ ತೆನೆ ಉಳಿದೀತು. ಆದರೆ ಮಾಹಿತಿಯನ್ನು ಬೆಳೆಯ ಭಾಷೆಗೆ ತಂದು ಹೇಳುವವರು ಬೇಕು. ಆ ಕೆಲಸಕ್ಕೆಂದೇ ಇದ್ದ ದೇಶದ 199 ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು 2024ರ ಆರಂಭದಲ್ಲಿ ಮುಚ್ಚಲು ಆದೇಶವಾದದ್ದು ದುರದೃಷ್ಟಕರ. ಬರದ ವರ್ಷದಲ್ಲೇ ಬರದ ಸಲಹೆಗಾರರನ್ನು ಮನೆಗೆ ಕಳಿಸುವುದು ಯಾವ ಮಿತವ್ಯಯ? ಇಂಥ ಸೇವೆ ಯೋಜನೆಯೊಂದರ ಅವಧಿಯನ್ನು ನೆಚ್ಚಿಕೊಂಡಿರಬಾರದು. ಜಿಲ್ಲಾಡಳಿತದ ಕಾಯಂ ಅಂಗವಾಗಬೇಕು.

ನಗರದ ವಿದ್ಯಾವಂತರಿಗೂ ಇದರಲ್ಲಿ ಪಾಲಿದೆ. ನಮ್ಮ ನಲ್ಲಿಯ ನೀರು, ಮನೆಯ ವಿದ್ಯುತ್, ಸಂತೆಯ ತರಕಾರಿಯ ಬೆಲೆ ಎಲ್ಲವೂ ತೀರ್ಮಾನವಾಗುವುದು ಕಿಟಕಿಯಾಚೆ ನೀಲಿಯಾಗಿ ಹೊಳೆಯುವ ಈ ವಾರಗಳಲ್ಲಿ. ಬೇಸಿಗೆಯಲ್ಲಿ ಟ್ಯಾಂಕರಿನ ದರದ ಬಗ್ಗೆ ಸಿಡಿಮಿಡಿಗೊಳ್ಳುವ ನಾವು ನೀರಿನ ಮಿತಬಳಕೆಯ ಪ್ರಶ್ನೆಯನ್ನು ಅಕ್ಟೋಬರಿನಲ್ಲೇ ಎತ್ತಬೇಕು. ಜಲಾಶಯದಲ್ಲಿ ಉಳಿಸಲು ನೀರಿರುವುದು ಆಗಲೇ.